ಸೋಮವಾರ ಬೈದು ಮಂಗಳವಾರ ಬಡಿಸಿದವಳು

ಬೆಳಿಗ್ಗೆ ಒಲೆ ಹಚ್ಚುವ ಮೊದಲು ದೋನ್ಯಾ ಎರ್ಲಿಂದಾ ಕುಸ್ತಿಯವರ ಮೈಕೈಗಳಿಗಾಗಿ ಪ್ರಾರ್ಥನೆ ಮಾಡುತ್ತಿದ್ದಳು. ಮಾರುಕಟ್ಟೆಯ ಮೂಲೆಯಲ್ಲಿ ನೀಲಿ ತಾಡಪಾಲು ಬಿಗಿದು, ಒಲೆಗೆ ಇದ್ದಿಲು ತುಂಬಿ, ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದೇ ಅವಳು ಕಂಬಕ್ಕೆ ಹೊಡೆದಿದ್ದ ಗ್ವಾದಲೂಪೆ ತಾಯಿಯ ಪಟದ ಮುಂದೆ ನಿಲ್ಲುತ್ತಿದ್ದಳು. ಲುಸೇರೋನ ಬಲಭುಜವನ್ನು ಕಾಪಾಡು ತಾಯಿ. ನೀಲಿ ಹುಲಿಯ ಸೊಂಟ ನೋಡಿಕೋ. ಆ ಹೊಸಬನಿಗೆ ಹಗ್ಗದ ಮೇಲಿಂದ ತಲೆಕೆಳಗಾಗಿ ಹಾರಬೇಡವೆಂದು ನೀನಾದರೂ ಬುದ್ಧಿ ಹೇಳು. ಒಳ್ಳೆಯವರ ಪಟ್ಟಿ ಮುಗಿದ ಮೇಲೆ ದನಿ ತಗ್ಗಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಪುಂಡರ ಪಟ್ಟಿ ಶುರುಮಾಡುತ್ತಿದ್ದಳು. ಅದರಲ್ಲಿ ಕೊನೆಯದು ಯಾವಾಗಲೂ ತಿಸೋನ್‌ನ ಎಡ ಮಂಡಿ. ಆಮೇಲೆ ಶಿಲುಬೆಯ ಗುರುತು, ಆಮೇಲೆ ಬೆಂಕಿಕಡ್ಡಿ. ಮಳೆ ಬರಲಿ, ಜ್ವರ ಬರಲಿ, ಇದು ತಪ್ಪಿದ್ದಿಲ್ಲ.

ಪುಂಡರಿಗಾಗಿ ಅವಳು ಪ್ರಾರ್ಥಿಸುವುದು ಬೇರೆಯವರಿಗೆ ತಿಳಿದರೆ ನಂಬುತ್ತಿರಲಿಲ್ಲ. ಪ್ವೇಬ್ಲಾ ನಗರದ ಆ ಭಾಗದಲ್ಲಿ ಅವಳ ಹೆಸರಿದ್ದದ್ದೇ ಎರಡು ಕಾರಣಕ್ಕೆ. ಒಂದು, ಅವಳ ಮೆಮೆಲಾ: ಮೆಕ್ಕೆಜೋಳದ ಹಿಟ್ಟನ್ನು ದಪ್ಪ ರೊಟ್ಟಿಯಂತೆ ತಟ್ಟಿ, ಹಂಚಿನ ಮೇಲೆ ಬೇಯಿಸಿ, ಮೇಲೆ ಅರೆದ ಹುರುಳಿ, ಚೀಸು, ಕಣ್ಣಲ್ಲಿ ನೀರು ತರಿಸುವ ಹಸಿಮೆಣಸಿನಕಾಯಿ ಚಟ್ನಿ. ಇನ್ನೊಂದು, ಅವಳ ಬಾಯಿ. ಸೋಮವಾರ ಸಂಜೆ ಸಾಂತಾ ರೀತಾ ಅಖಾಡದ ಎರಡನೇ ಸಾಲಿನಲ್ಲಿ, ನಡುದಾರಿಯ ಪಕ್ಕದ ಕುರ್ಚಿಯಲ್ಲಿ ಕೂತು ಅವಳು ಪುಂಡರನ್ನು ಬೈಯುವುದನ್ನು ಕೇಳಲೆಂದೇ ಜನ ಬರುತ್ತಿದ್ದರು.

ಕುಸ್ತಿಯವರಲ್ಲಿ ಎರಡೇ ಜಾತಿ. ನಿಯಮ ಪಾಲಿಸಿ ಆಡುವವನು ತೆಕ್ನಿಕೋ, ಕಣ್ಣಿಗೆ ಬೆರಳು ಹಾಕಿ, ಹಿಂದಿನಿಂದ ಒದ್ದು ಆಡುವವನು ರೂದೋ. ಎರ್ಲಿಂದಾ ಹುಟ್ಟು ತೆಕ್ನಿಕೋ ಪಕ್ಷದವಳು. ಅವಳ ಪಕ್ಕದ ಕುರ್ಚಿಯ ದೋನ್ ಅಬುಂದಿಯೋ, ಬಸ್ ಓಡಿಸಿ ನಿವೃತ್ತನಾದವನು, ಹುಟ್ಟು ರೂದೋ ಪಕ್ಷದವನು. ಇಬ್ಬರೂ ಒಂದೇ ಪೊಟ್ಟಣದಿಂದ ಕುಂಬಳಬೀಜ ತಿನ್ನುತ್ತ, ಎದುರು ಬದುರು ಪಕ್ಷಕ್ಕೆ ಕೂಗುತ್ತ ಮುದುಕರಾಗಿದ್ದರು.

ಕುಸ್ತಿಯ ವಿಷಯದಲ್ಲಿ ಅವಳ ಅಭಿಪ್ರಾಯಗಳು ಕಲ್ಲಿನಲ್ಲಿ ಕೆತ್ತಿದಂಥವು. ಪಂದ್ಯವೆಂದರೆ ಮೂರು ಸುತ್ತು ಇರಲೇಬೇಕು. ಮೊದಲನೆಯದು ಪರಿಚಯಕ್ಕೆ, ಎರಡನೆಯದು ಜಗಳಕ್ಕೆ, ಮೂರನೆಯದು ಸತ್ಯಕ್ಕೆ. ಒಂದೇ ಸುತ್ತಿನಲ್ಲಿ ಮುಗಿಯುವ ಟೀವಿಯ ಪಂದ್ಯ ಅವಳ ಲೆಕ್ಕದಲ್ಲಿ ಚಟ್ನಿಯಿಲ್ಲದ ಮೆಮೆಲಾ. ಈಗಿನ ಹುಡುಗರು ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ ಹಾರುತ್ತಾರೆ, ನೆಲಕ್ಕೆ ಬಿದ್ದು ಪಟ್ಟು ಹಾಕುವುದನ್ನು ಕಲಿತೇ ಇಲ್ಲ. ಹಾರುವುದು ಹಕ್ಕಿಯ ಕೆಲಸ, ಹಿಡಿಯುವುದು ಕುಸ್ತಿಯವನ ಕೆಲಸ. ಕುರ್ಚಿ ಎತ್ತಿ ಹೊಡೆಯುವುದು ಅವಳಿಗೆ ಸೇರದು, ಕುರ್ಚಿ ಇರುವುದು ಕೂರಲಿಕ್ಕೆ. ಹಣೆ ಬಿರಿದು ರಕ್ತ ಬಂದರೆ ಅವಳು ಮುಖ ತಿರುಗಿಸಿ ಕುಂಬಳಬೀಜ ಸುಲಿಯುತ್ತಿದ್ದಳು. ಇನ್ನು ರೆಫರಿಗಳು: ಬೇಕಾದಾಗ ಕುರುಡಾಗುವ ಆ ಜನಕ್ಕೆ ಮೇಲೆ ಹೋದಮೇಲೆ ಪ್ರತ್ಯೇಕ ವಿಚಾರಣೆ ಇದೆಯೆಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಒಂದು ಅಭಿಪ್ರಾಯವನ್ನು ಮಾತ್ರ ಅವಳು ಅಬುಂದಿಯೋನ ಮುಂದೆ ಹೇಳುತ್ತಿರಲಿಲ್ಲ. ಚಪ್ಪಾಳೆ ತೆಕ್ನಿಕೋಗೆ ಸಿಗುತ್ತದೆ, ಆದರೆ ಪಂದ್ಯವನ್ನು ಹೊರುವವನು ರೂದೋ. ಅವನು ಸರಿಯಾಗಿ ಕೆಟ್ಟವನಾಗದಿದ್ದರೆ ಒಳ್ಳೆಯವನು ಒಳ್ಳೆಯವನಾಗಿ ಕಾಣುವುದಾದರೂ ಹೇಗೆ?

ಅವಳ ತಂಗಿ ಪಕ್ಕದೂರು ಚೊಲೂಲಾದಿಂದ ಬಂದಾಗಲೆಲ್ಲ, ಅದೆಲ್ಲ ಮೊದಲೇ ಮಾತಾಡಿಕೊಂಡ ನಾಟಕವಂತಲ್ಲ ಎಂದು ಕೆಣಕುತ್ತಿದ್ದಳು. ಎರ್ಲಿಂದಾ ಸಿಟ್ಟಾಗುತ್ತಿರಲಿಲ್ಲ. ಶುಭ ಶುಕ್ರವಾರದ ಮೆರವಣಿಗೆಯಲ್ಲಿ ಶಿಲುಬೆ ಹೊರುವವನು ನಿಜವಾಗಿ ಸಾಯುವುದಿಲ್ಲವೆಂದು ನಮಗೆ ಗೊತ್ತಿದೆ, ಆದರೂ ನಾವು ಅಳುತ್ತೇವೆ. ಅವನ ಹೆಗಲು ಮಾತ್ರ ನಿಜವಾಗಿ ಬಾತಿರುತ್ತದೆ ಎನ್ನುತ್ತಿದ್ದಳು. ತಂಗಿ ಇನ್ನೊಂದು ಮೆಮೆಲಾ ಕೇಳುತ್ತಿದ್ದಳು.

ಬೈಯುವುದಕ್ಕೂ ಅವಳಲ್ಲಿ ನಿಯಮವಿತ್ತು. ತಾಯಿಯ ಹೆಸರೆತ್ತಬಾರದು, ಸತ್ತವರನ್ನು ಎಳೆಯಬಾರದು, ದೇವರು ಕೊಟ್ಟ ಊನವನ್ನು ಆಡಿಕೊಳ್ಳಬಾರದು. ಉಳಿದದ್ದು ಅಡುಗೆಮನೆ. ಹಳಸಿದ ಹಿಟ್ಟು, ಸೀದ ಹುರುಳಿ, ನಾಯಿ ಮೂಸಿ ಬಿಟ್ಟ ತೊರ್ತಿಯಾ ರೊಟ್ಟಿ. ಅವಳ ಬೈಗುಳದ ಸಿಂಹಪಾಲು ಸಲ್ಲುತ್ತಿದ್ದುದು ತಿಸೋನ್‌ಗೆ. ತಿಸೋನ್ ಅಂದರೆ ಉರಿದುಳಿದ ಕೊಳ್ಳಿ. ಕಪ್ಪು ಮುಖವಾಡ, ಅದರ ಕಣ್ಣಿನ ಸುತ್ತ ಕೆಂಪು ಜ್ವಾಲೆ, ಎತ್ತಿನಂಥ ಹೆಗಲು. ಅವನು ಅಖಾಡಕ್ಕೆ ಬರುವ ಹೊತ್ತಿಗೆ ಅವಳು ಎದ್ದು ನಿಂತಿರುತ್ತಿದ್ದಳು.

"ಏ ಕರಟಿದ ಕೊಳ್ಳಿ, ನಿನ್ನಿಂದ ಒಂದು ಹಂಚೂ ಕಾಯಲ್ಲ ಕಣೋ."

ಅವನು ನಿಂತು, ಹಗ್ಗ ದಾಟಿ ಬಂದು ಅವಳ ಮೂಗಿನ ಮುಂದೆ ಮುಷ್ಟಿ ಆಡಿಸುತ್ತಿದ್ದ. ಒಮ್ಮೆ ಅವಳ ಕೈಯಲ್ಲಿದ್ದ ನಿಂಬೆ ಶರಬತ್ತನ್ನು ಕಿತ್ತುಕೊಂಡು, ಮುಖವಾಡವನ್ನು ಮೂಗಿನವರೆಗೆ ಸರಿಸಿ, ತಳದವರೆಗೂ ಕುಡಿದು ಲೋಟವನ್ನು ಅಬುಂದಿಯೋನ ತಲೆಯ ಮೇಲೆ ಬೋರಲು ಹಾಕಿ ಹೋಗಿದ್ದ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತ್ತು.

ಮರುದಿನ ಬೆಳಿಗ್ಗೆ ಮಂಗಳವಾರದ ಗಿರಾಕಿ ದೋನ್ ವೆನ್ಸೆಸ್ಲಾವೋ ಅವಳ ಅಂಗಡಿಗೆ ಬಂದಾಗ ಕೈಯಲ್ಲಿ ಒಂದು ನಿಂಬೆ ಶರಬತ್ತಿತ್ತು. "ಒಲೆ ಮುಂದೆ ಬಾಯಾರಿರುತ್ತೆ ಅಂತ ತಂದೆ ದೋನ್ಯಾ" ಎಂದು ಹಲಗೆಯ ಮೇಲಿಟ್ಟ. ಎರ್ಲಿಂದಾ ಅವನ ಮುಖ ನೋಡದೆ ಕುಡಿದಳು.

ವೆನ್ಸೆಸ್ಲಾವೋ ನಲ್ಲಿ, ಪಂಪು ರಿಪೇರಿ ಮಾಡುವವನು. ಮಾತು ಕಡಿಮೆ. ಮಂಗಳವಾರ ಮಂಗಳವಾರ ಬೆಳಿಗ್ಗೆ ಬಂದು, ಬೆಂಚಿನ ತುದಿಯಲ್ಲಿ ಕೂತು, ತಿಂದು, ಟೋಪಿ ಮುಟ್ಟಿ ನಮಸ್ಕರಿಸಿ ಹೋಗುತ್ತಿದ್ದ. ವರ್ಷಗಳ ಹಿಂದೆ ಒಂದು ಸೋಮವಾರ ಲುಸೇರೋನ ಬೂಟು ತಿಸೋನ್‌ನ ಬಾಯಿಗೆ ಬಡಿದಿತ್ತು. ಮರುದಿನ ಬೆಳಿಗ್ಗೆ ವೆನ್ಸೆಸ್ಲಾವೋ ಬಾತ ತುಟಿಯಲ್ಲಿ ಬಂದು, ಹಲ್ಲು ಕೀಳಿಸಿದೆ ದೋನ್ಯಾ, ಇವತ್ತು ಚಟ್ನಿ ಬೇಡ ಎಂದಿದ್ದ. ಅವಳ ಕೈ ಒಂದು ಕ್ಷಣ ಹಿಟ್ಟಿನಲ್ಲೇ ನಿಂತಿತು. ಆಮೇಲೆ ಚಟ್ನಿ ಬಿಟ್ಟು, ಎರಡು ಪಾಲು ಚೀಸು ಹಾಕಿ, ಮೆತ್ತಗೆ ಬೇಯಿಸಿ ಕೊಟ್ಟಳು. ಅಂದಿನಿಂದ ಅವಳು ಏನನ್ನೂ ಕೇಳಲಿಲ್ಲ. ಸೋಮವಾರ ಪಕ್ಕೆಗೆ ಏಟು ಬಿದ್ದಿದ್ದರೆ ಮಂಗಳವಾರ ಬೆಂಚಿಗೆ ಒಂದು ದಿಂಬು ಬರುತ್ತಿತ್ತು. ಮಣಿಕಟ್ಟು ಉಳುಕಿದ್ದರೆ ಮೆಮೆಲಾವನ್ನು ತುಂಡು ಮಾಡಿ ಇಡುತ್ತಿದ್ದಳು. ಅಖಾಡದಲ್ಲಿ ನೀನು, ಏನೋ, ಕಣೋ; ಅಂಗಡಿಯಲ್ಲಿ ಬನ್ನಿ, ಕೂತ್ಕೊಳ್ಳಿ.

ಮುಖವಾಡದ ಕಟ್ಟಳೆ ಅಂಥದು. ಒಳಗಿನ ಮುಖ ಗೊತ್ತಿದ್ದರೂ ಗೊತ್ತಿಲ್ಲ. ನೆರೆಮನೆಯವನೇ ಆಗಿದ್ದರೂ ಗೊತ್ತಿಲ್ಲ. ಅವಳು ಅದನ್ನು ಹೇಳಿದ್ದು ಒಬ್ಬರಿಗೇ, ಅದೂ ಪಾಪನಿವೇದನೆಯ ಜಾಲರಿಯ ಈಚೆಯಿಂದ, ಹೆಸರು ಬಿಟ್ಟು. ಪ್ರತಿ ಸೋಮವಾರ ಒಬ್ಬ ಮನುಷ್ಯನನ್ನು ಬೈಯುತ್ತೇನೆ ಸ್ವಾಮಿ ಎಂದಳು. ಅವನಿಗೆ ನೋವಾಗುತ್ತದೆಯೇ ಎಂದು ಪಾದ್ರಿಗಳು ಕೇಳಿದರು. ಇಲ್ಲ ಸ್ವಾಮಿ, ಅವನು ಅದಕ್ಕೇ ಕಾಯುತ್ತಿರುತ್ತಾನೆ ಎಂದಳು. ಪಾದ್ರಿಗಳು ಒಂದು ಜಪಮಾಲೆ ಹೇಳಿಕೊಳ್ಳಲು ತಿಳಿಸಿ, ಬರುವ ಸೋಮವಾರ ನೀಲಿ ಹುಲಿ ಆಡುತ್ತಾನೆಯೇ ಎಂದು ವಿಚಾರಿಸಿದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆಗಳ ಮೇಲೆ ಭಿತ್ತಿಪತ್ರ ಅಂಟಿಸಿದರು. ತಿಸೋನ್ ಮತ್ತು ಲುಸೇರೋ, ಮುಖವಾಡಕ್ಕೆ ಮುಖವಾಡ. ಸೋತವನು ಎಲ್ಲರೆದುರು ಮುಖವಾಡ ತೆಗೆಯಬೇಕು. ತೆಗೆದು, ತನ್ನ ಹೆಸರು, ಊರು, ಎಷ್ಟು ವರ್ಷ ಕುಸ್ತಿ ಆಡಿದೆನೆಂಬುದನ್ನು ತನ್ನ ಬಾಯಿಂದಲೇ ಹೇಳಬೇಕು. ಒಮ್ಮೆ ಹೋದ ಮುಖವಾಡ ಮತ್ತೆ ಬರುವುದಿಲ್ಲ. ಎರ್ಲಿಂದಾ ಆ ಭಿತ್ತಿಪತ್ರದ ಮುಂದೆ ಚೀಲ ಹಿಡಿದು ನಿಂತುಬಿಟ್ಟಳು. ಲುಸೇರೋ ತಿಸೋನ್‌ಗಿಂತ ಚಿಕ್ಕವನು, ಚುರುಕು, ಅವಳ ಪಕ್ಷದವನು. ಅವನು ಗೆಲ್ಲಲೆಂದು ಅವಳು ಕೂಗಬೇಕಾದದ್ದು ಧರ್ಮ. ಅವನು ಗೆದ್ದರೆ ತಿಸೋನ್ ಎಂಬವನು ಸತ್ತಂತೆ. ಬೆಂಚಿನ ತುದಿಯಲ್ಲಿ ಸದ್ದಿಲ್ಲದೆ ತಿನ್ನುತ್ತಿದ್ದ ವೆನ್ಸೆಸ್ಲಾವೋ ಕೂಡ ಊರಿಗೆಲ್ಲ ಗೊತ್ತಾದವನಾಗಿ, ಮತ್ತೆ ಆ ಮೂಲೆಗೆ ಬರುತ್ತಾನೋ ಇಲ್ಲವೋ. ಅವಳಿಗೆ ಒಂದೇ ಏಟಿಗೆ ಇಬ್ಬರು ಹೋಗುತ್ತಾರೆ.

ಪಂದ್ಯಕ್ಕೆ ಕೆಲವು ದಿನ ಮುಂಚೆ, ಒಂದು ಶುಕ್ರವಾರ, ವೆನ್ಸೆಸ್ಲಾವೋ ಬಂದ. ಶುಕ್ರವಾರ ಎಂದೂ ಬಂದವನಲ್ಲ. ಎಡಗಾಲನ್ನು ನೀಡಿಕೊಂಡು ಕೂತ. ಉಳಿದ ಗಿರಾಕಿಗಳು ಎದ್ದುಹೋಗುವವರೆಗೆ ಕಾದ.

"ದೋನ್ಯಾ, ನೀವು ಕುಸ್ತಿ ನೋಡಕ್ಕೆ ಹೋಗ್ತೀರಂತಲ್ಲ."

"ಯಾರಪ್ಪ ಹೇಳಿದ್ದು?"

"ಯಾರೋ ಅಂದ್ರು. ನಿಮ್ಮ ದನಿ ಎರಡು ಬೀದಿ ಆಚೆಗೂ ಕೇಳುತ್ತಂತೆ."

"ಸುಳ್ಳು. ಒಂದೇ ಬೀದಿ."

ಅವನು ನಗಲಿಲ್ಲ. ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಅದರ ಅಂಚನ್ನು ತಿರುಗಿಸುತ್ತ ಕೂತ. ಆಮೇಲೆ, ಯಾವುದೋ ದೂರದ ನೆಂಟನ ಕಥೆ ಹೇಳುವವನಂತೆ ಹೇಳಿದ.

"ಆ ತಿಸೋನ್ ಇದಾನಲ್ಲ, ಅವನ ಮಂಡಿ ಕೆಟ್ಟಿದೆಯಂತೆ. ಡಾಕ್ಟರು ಬೇಡ ಅಂದ್ರಂತೆ. ಅವನು ಈಗಲೂ ಆಗಲ್ಲ ಅಂದ್ರೆ ಪಂದ್ಯ ನಿಂತುಹೋಗುತ್ತೆ. ಮುಖವಾಡ ಅವನ ಹತ್ರಾನೇ ಉಳಿಯುತ್ತೆ. ಪೆಟ್ಟಿಗೇಲಿ ಇಟ್ಟು ಬೀಗ ಹಾಕ್ಕೊಂಡು ನೆಮ್ಮದಿಯಾಗಿ ಇದ್ದುಬಿಡಬಹುದು. ನೀವು ಇಷ್ಟು ವರ್ಷ ನೋಡಿದೀರಿ. ನಿಮಗೇನು ಅನ್ಸುತ್ತೆ?"

ಹಂಚಿನ ಮೇಲಿನ ಮೆಮೆಲಾ ಸೀದ ವಾಸನೆ ಬಂತು. ಎರ್ಲಿಂದಾ ಅದನ್ನು ತೆಗೆದು ಪಕ್ಕಕ್ಕಿಟ್ಟಳು, ಇನ್ನೊಂದು ಉಂಡೆ ತೆಗೆದುಕೊಂಡಳು. ಇಟ್ಕೊಳ್ಳಲಿ ಬಿಡಿ, ಹಾಳಾಗಲಿ ಪಂದ್ಯ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಮಂಗಳವಾರಗಳು ಉಳಿಯುತ್ತಿದ್ದವು. ಆದರೆ ಅವನು ಕೇಳಿದ್ದು ಅಂಗಡಿಯವಳನ್ನಲ್ಲ, ಎರಡನೇ ಸಾಲಿನವಳನ್ನು. ಅವಳು ಹಿಟ್ಟು ತಟ್ಟುತ್ತಲೇ, ಅವನ ಕಡೆ ನೋಡದೆ ಹೇಳಿದಳು.

"ನಾನು ಆ ದರಿದ್ರದವನಿಗೆ ಎದುರು ಪಕ್ಷದವಳು, ಅದು ನೆನಪಿರಲಿ. ಆದ್ರೂ ಕೇಳಿದ್ರಿ ಅಂತ ಹೇಳ್ತೀನಿ. ಪೆಟ್ಟಿಗೇಲಿಟ್ಟ ಮುಖವಾಡ ನುಸಿ ತಿನ್ನುತ್ತೆ. ನಮ್ಮೆದುರು ಸೋತು ತೆಗೆದ ಮುಖವಾಡನ ನಾವು ಸಾಯೋವರೆಗೂ ಮಾತಾಡ್ತೀವಿ. ಬೈದವರು ನಾವು. ಅವನ ಮುಖ ನೋಡೋ ಹಕ್ಕು ಯಾರಿಗಾದ್ರೂ ಇದ್ರೆ ಅದು ನಮಗೇ. ಮಂಡಿ ವಿಷಯ ಬೇರೆ. ಮಂಡಿ ಅವನದು, ನೋವು ಅವನದು. ಅದರಲ್ಲಿ ನಾನು ಬಾಯಿ ಹಾಕಲ್ಲ."

ವೆನ್ಸೆಸ್ಲಾವೋ ಆ ಸೀದ ಮೆಮೆಲಾವನ್ನೇ ಎತ್ತಿಕೊಂಡು ತಿಂದ. ಟೋಪಿ ಮುಟ್ಟಿ ಹೊರಟುಹೋದ. ಎರ್ಲಿಂದಾ ಅಂದು ಎರಡು ಸಲ ಉಪ್ಪು ಹಾಕಿ ಹುರುಳಿಯನ್ನು ಕೆಡಿಸಿದಳು.

ಸೋಮವಾರ ಅಖಾಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಿಸೋನ್ ಬಂದಾಗ ಅವಳು ಎಂದಿನಂತೆ ಎದ್ದು ನಿಂತು, ಇವತ್ತು ನಿನ್ನ ಸಿಪ್ಪೆ ಸುಲಿಯೋ ದಿನ ಕಣೋ ಎಂದು ಕೂಗಿದಳು. ಅವನು ಎಂದಿನಂತೆ ಮುಷ್ಟಿ ತೋರಿಸಿದ. ಮೊದಲ ಸುತ್ತು ಅವನದು, ಎಲ್ಲ ಕಳ್ಳಾಟ, ಮುಖವಾಡ ಹರಿಯುವುದು, ರೆಫರಿಯ ಬೆನ್ನ ಹಿಂದೆ ಗುದ್ದುವುದು. ಎರಡನೆಯದು ಲುಸೇರೋನದು. ಮೂರನೆಯ ಸುತ್ತಿನಲ್ಲಿ ಇಬ್ಬರೂ ಹಾರುವುದು, ಗುದ್ದುವುದು ಎಲ್ಲ ಬಿಟ್ಟು ನೆಲಕ್ಕೆ ಬಿದ್ದು ಪಟ್ಟಿಗೆ ಪಟ್ಟು ಹಾಕತೊಡಗಿದರು. ಅವಳು ಬಯಸುತ್ತಿದ್ದ ಕುಸ್ತಿ ಅದೇ. ಅಬುಂದಿಯೋ ಬೀಜ ಜಗಿಯುವುದನ್ನೂ ಮರೆತಿದ್ದ. ತಿಸೋನ್ ಒಂದೂ ಕಳ್ಳಾಟ ಆಡಲಿಲ್ಲ. ಅವನಿಗೆ ನಿಯಮದ ಕುಸ್ತಿ ಇಷ್ಟು ಚೆನ್ನಾಗಿ ಬರುತ್ತಿತ್ತೆಂದು ಆ ಊರು ಅಂದೇ ನೋಡಿದ್ದು.

ಆಮೇಲೆ ಲುಸೇರೋ ಅವನ ಎಡಗಾಲು ಹಿಡಿದ. ಮಡಿಸಿ, ತಿರುಗಿಸಿ, ಮೇಲೆ ಕೂತ. ತಿಸೋನ್ ಬೆರಳುಗಳಲ್ಲಿ ನೆಲ ಕೆರೆಯುತ್ತ ಹಗ್ಗದ ಕಡೆ ತೆವಳಿದ. ಹಗ್ಗ ಮುಟ್ಟಿದರೆ ಪಟ್ಟು ಬಿಡಿಸಲೇಬೇಕು. ಇನ್ನು ಒಂದು ಗೇಣು ಇತ್ತು. ಕಪ್ಪು ಮುಖವಾಡ ಎರಡನೇ ಸಾಲಿನ ಕಡೆಗೇ ತಿರುಗಿತ್ತು. ಎರ್ಲಿಂದಾಳ ಬಾಯಿಂದ ಹೊರಟದ್ದು ಅವಳಿಗೂ ತಿಳಿಯಲಿಲ್ಲ.

"ಕೈ ಚಾಚಿ, ದೋನ್ ವೆನ್ಸೆ. ಇನ್ನೊಂದು ಚೂರು, ಕೈ ಚಾಚಿ."

ಹತ್ತಿರದ ಎರಡು ಮೂರು ಸಾಲು ತಿರುಗಿ ಅವಳನ್ನು ನೋಡಿತು. ತಿಸೋನ್‌ನ ಕೈ ಗಾಳಿಯಲ್ಲೇ ನಿಂತಿತು. ಮುಖವಾಡದ ತೂತಿನಿಂದ ಎರಡು ಕಣ್ಣು ಅವಳನ್ನು ನೋಡಿದವು. ಲುಸೇರೋ ಇನ್ನಷ್ಟು ಬಿಗಿದ. ಆ ಕೈ ಹಗ್ಗವನ್ನು ಮುಟ್ಟದೆ ಕೆಳಗಿಳಿದು ನೆಲವನ್ನು ಬಡಿಯಿತು. ಸೋತೆ ಎಂದು ಒಪ್ಪಿಕೊಳ್ಳುವ ರೀತಿ ಅದು.

ಸಭೆ ಒಂದೇ ಸಲಕ್ಕೆ ಎದ್ದು ಕೂಗಿತು, ಆಮೇಲೆ ಒಂದೇ ಸಲಕ್ಕೆ ತಣ್ಣಗಾಯಿತು. ತಿಸೋನ್ ಅಖಾಡದ ನಡುವೆ ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಂತು, ಮುಖವಾಡದ ಲೇಸು ಬಿಚ್ಚಿದ. ಒಳಗಿಂದ ಬೆವೆತ ಬೋಳುತಲೆ, ನರೆತ ಮೀಸೆ ಬಂತು. ಮೈಕು ತುಟಿಯ ಹತ್ತಿರ ಹಿಡಿದು, ವೆನ್ಸೆಸ್ಲಾವೋ ಕೊಯೋತ್ಲ್, ತೆಪೆಯಾಕಾ ಊರು, ಇಪ್ಪತ್ತೊಂಬತ್ತು ವರ್ಷ ಎಂದ. ಇಷ್ಟು ವರ್ಷ ಅವನ ಮೇಲೆ ಸಿಪ್ಪೆ ಎಸೆದವರು ನಿಂತು ಚಪ್ಪಾಳೆ ಹೊಡೆದರು. ಎರ್ಲಿಂದಾ ಹೊಡೆಯಲಿಲ್ಲ. ಶಾಲಿನ ತುದಿ ಬಾಯಿಗೊತ್ತಿಕೊಂಡು ಕೂತಿದ್ದಳು.

ಹೊರಗೆ ಬಂದಮೇಲೆ ಅಬುಂದಿಯೋ ಬಾಯಿ ತೆರೆದ. ಕೂಗಾಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ನಿಂಗೆ ಗೊತ್ತಿತ್ತು. ಇರಲಿ, ಗೊತ್ತಿರಬಹುದು. ಆದ್ರೆ ಆ ಹೆಸರು ಹೇಳೋದು ಅವನ ಪಾಲಿನದಾಗಿತ್ತು ಎರ್ಲಿಂದಾ. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದ್ಸಲ ಸಿಗೋ ಮಾತು ಅದು. ನೀನು ಮುಂಚೇನೇ ತಿಂದುಬಿಟ್ಟೆ."

ಅವಳು ಶಾಲು ಹೊದ್ದು ಮನೆಯ ಕಡೆ ನಡೆದಳು. ತನ್ನ ಕೂಗಿಗೆ ತಿಸೋನ್‌ನ ಗಮನ ತಪ್ಪಿತು, ತನ್ನಿಂದಲೇ ಅವನು ಸೋತ ಎಂದು ಮನೆ ತಲುಪುವವರೆಗೂ ತನ್ನನ್ನೇ ಬೈದುಕೊಂಡಳು. ಮಂಗಳವಾರ ಅಂಗಡಿ ತೆರೆಯುವುದೇ ಬೇಡವೆಂದುಕೊಂಡಳು. ಆದರೆ ಅವನು ಬಂದು, ಮುಚ್ಚಿದ ಮೂಲೆ ನೋಡಿ ಹಿಂತಿರುಗಿದರೆ? ಅದು ಇನ್ನೂ ದೊಡ್ಡ ಪಾಪ. ತೆರೆದಳು.

ಅವನು ಬರುವ ಹೊತ್ತು ಕಳೆಯಿತು. ಬೆಂಚಿನ ತುದಿಗೆ ಯಾರೋ ತರಕಾರಿಯವನು ಬಂದು ಕೂತ. ಅಲ್ಲಿ ಬೇಡ, ಈಚೆ ಸರಿಯಿರಿ ಎಂದು ಅವಳು ಅವನನ್ನು ಎಬ್ಬಿಸಿದಳು. ಬಿಸಿಲು ತಾಡಪಾಲಿನ ಅಂಚು ದಾಟಿದ ಮೇಲೆ, ಬೀದಿಯ ಆ ತುದಿಯಲ್ಲಿ ಕೋಲೂರಿಕೊಂಡು ಬರುತ್ತಿದ್ದವನು ಕಂಡ. ದಾರಿಯುದ್ದಕ್ಕೂ ಜನ ಅವನ ಬೆನ್ನು ತಟ್ಟುತ್ತಿದ್ದರು. ಕಟುಕನೊಬ್ಬ ಅಂಗಡಿಯಿಂದಿಳಿದು ಬಂದು ಅವನ ಜೊತೆ ಫೋಟೋ ತೆಗೆಸಿಕೊಂಡ. ತಡವಾದದ್ದು ಅದಕ್ಕೇ.

ಅವನು ತನ್ನ ಜಾಗದಲ್ಲಿ ಕೂತ. ಕಾಲು ನೀಡಲು ಅವಳು ಒಂದು ಡಬ್ಬಿಯನ್ನು ಬೋರಲು ಹಾಕಿ, ಮೇಲೆ ದಿಂಬಿಟ್ಟಳು. ಬಾಗಿದವಳು ಹಾಗೇ ಬಾಗಿಕೊಂಡೇ ಹೇಳಿದಳು.

"ನನ್ನ ಬಾಯಿಗೆ ಬೆಂಕಿ ಬೀಳಲಿ ದೋನ್ ವೆನ್ಸೆ. ನನ್ನಿಂದ ನಿಮ್ಮ ಮುಖವಾಡ ಹೋಯ್ತು."

"ನಿಮ್ಮಿಂದ ಸೋತೆ ಅಂತ ಊರಲ್ಲೆಲ್ಲ ಜಂಬ ಕೊಚ್ಕೊಬೇಡಿ. ಹೋಗಿದ್ದು ಮಂಡಿ. ನೀವು ಕೂಗೋಕೆ ಮುಂಚೇನೇ ಕಟಕ್ ಅಂತು."

"ಮತ್ತೆ ಕೈ ಯಾಕೆ ನಿಲ್ಲಿಸಿದ್ರಿ?"

ಅವನು ಮೀಸೆ ಸವರಿಕೊಂಡ. ಹಗಲಲ್ಲಿ, ಎಲ್ಲರೆದುರು ಅವನ ಮುಖ ಇನ್ನೂ ಹೊಸದಾಗಿ ಕಾಣುತ್ತಿತ್ತು.

"ಆ ಸಭೇಲಿ ಇಷ್ಟು ವರ್ಷ ನನ್ನ ಹೆಸರು ಹಿಡಿದು ಕರೆದವರು ಒಬ್ಬರೂ ಇರ್ಲಿಲ್ಲ. ಅದೂ ಬಹುವಚನದಲ್ಲಿ. ಯಾರು ಕರೆದಿದ್ದು ಅಂತ ನೋಡ್ದೆ, ಅಷ್ಟೆ. ನಿಮಗೆ ಗೊತ್ತು ಅನ್ನೋದು ನನಗೆ ಆ ಹಲ್ಲಿನ ದಿನಾನೇ ಗೊತ್ತಿತ್ತು. ಹಲ್ಲು ಕಿತ್ತವನಿಗೆ ಯಾರೂ ಎರಡು ಪಾಲು ಚೀಸು ಹಾಕಲ್ಲ."

ಎರ್ಲಿಂದಾ ಶಾಲಿನಿಂದ ಕಣ್ಣೊರೆಸಿಕೊಂಡು, ಚಟ್ನಿಯ ಘಾಟಿನ ಮೇಲೆ ತಪ್ಪು ಹೊರಿಸಿದಳು. ಹಂಚಿನ ಮೇಲೆ ಎರಡು ಮೆಮೆಲಾ ಹಾಕಿದಳು. ಮುಂದೇನು ಮಾಡುತ್ತೀರಿ ಎಂದು ಕೇಳಿದಳು. ಮಂಡಿ ಕೂಡಿಕೊಂಡ ಮೇಲೆ ಮುಖವಾಡವಿಲ್ಲದೆಯೇ ಆಡುವುದಾಗಿಯೂ, ಪಕ್ಷ ಬದಲಿಸುವುದಿಲ್ಲವೆಂದೂ, ಕಡೆಯವರೆಗೂ ರೂದೋ ಎಂದೂ ಅವನು ಹೇಳಿದ. ಆಮೇಲೆ ಅಂಗಿಯ ಜೇಬಿನಿಂದ ಒಂದು ಗಟ್ಟಿ ಕಾಗದದ ಚೀಟಿ ತೆಗೆದು ಹಲಗೆಯ ಮೇಲಿಟ್ಟ. ಅಖಾಡದ ಯಜಮಾನನ ಮುದ್ರೆ ಅದರ ಮೇಲಿತ್ತು.

"ಯಜಮಾನರ ಹತ್ರ ನಿನ್ನೆನೇ ಕೇಳಿ ಮಾಡಿಸಿದೆ. ಮೊದಲನೇ ಸಾಲು, ಅಖಾಡಕ್ಕೆ ಅಂಟಿಕೊಂಡಿರೋ ಕುರ್ಚಿ. ಬದುಕಿರೋವರೆಗೂ ನಿಮ್ಮದೇ. ಟಿಕೆಟ್ ಬೇಡ, ಸಾಲಲ್ಲಿ ನಿಲ್ಲೋದು ಬೇಡ. ನನ್ನ ಹೆಸರಲ್ಲಿ."

ಎರ್ಲಿಂದಾ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು ಚೀಟಿಯನ್ನು ಎತ್ತಿ ನೋಡಿದಳು. ಅದರಲ್ಲಿ ತನ್ನ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಒಂದು ಸಲ ಬೆರಳಿನಿಂದ ಸವರಿದಳು. ಆಮೇಲೆ ಅದನ್ನು ಅವನ ತಟ್ಟೆಯ ಪಕ್ಕಕ್ಕೆ, ಎಣ್ಣೆ ತಾಗದ ಹಾಗೆ ಸರಿಸಿಟ್ಟಳು.

"ಬೇಡ ದೋನ್ ವೆನ್ಸೆ. ನೀವು ಮಾಡಿಸಿದ್ದು ದೊಡ್ಡ ಮಾತು, ಆದ್ರೆ ಬೇಡ. ಮೊದಲನೇ ಸಾಲಲ್ಲಿ ಬರೀ ಬೂಟು ಕಾಣುತ್ತೆ. ಅದೂ ಅಲ್ಲದೆ, ನಿಮ್ಮ ಋಣದಲ್ಲಿ ಕೂತು ನಿಮ್ಮನ್ನ ಹೇಗೆ ಬೈಲಿ? ಬಾಯಿ ಬರಲ್ಲ. ನನ್ನ ಟಿಕೆಟ್ ನಾನೇ ತಗೋತೀನಿ."

ಅವನು ಇನ್ನೊಮ್ಮೆ ಒತ್ತಾಯಿಸಲು ಬಾಯಿ ತೆರೆದ. ಅವಳು ಅಷ್ಟರಲ್ಲಿ ಬಿಸಿ ಮೆಮೆಲಾವನ್ನು ಅವನ ತಟ್ಟೆಗೆ ಹಾಕಿ, ಚಟ್ನಿ ಎಷ್ಟು ಹಾಕಲಿ ಎಂದು ಕೇಳಿದಳು.